ಕೈಗವಸು ಬಂತು, ಕೈ ಬರಲಿಲ್ಲ

ಕಳೆದ ತಿಂಗಳು ಅಮ್ಮ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿದ್ದು ಬಂದಳು. ಜ್ವರ, ಹೊಟ್ಟೆನೋವು. ಈಗ ಗುಣವಾಗಿದೆ, ಅವಳಿಗೆ. ಬಿಲ್ಲು ಓದಿದ ಮೇಲೆ ನನಗೇ ಸ್ವಲ್ಪ ಹುಷಾರಿಲ್ಲ.

ಹನ್ನೊಂದು ಪುಟದ ಬಿಲ್ಲು. ನಮ್ಮೂರ ಜಾತ್ರೆಯ ಜಮಾಖರ್ಚು ಕೂಡ ಅಷ್ಟುದ್ದ ಇರುವುದಿಲ್ಲ. ಏಳನೇ ಪುಟದಲ್ಲಿ ಒಂದು ಸಾಲು: ಗ್ಲೌಸ್, 46 ಜೊತೆ. ಜೋರಾಗಿ ಓದಿದೆ. ಅಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ನಲವತ್ತಾರು ಜೊತೆನಾ? ಮತ್ತೆ ಕೈಗಳೆಲ್ಲ ಎಲ್ಲಿ ಹೋದ್ವೋ? ಆ ಡಾಕ್ಟರು ಒಂದು ಸಲನಾದ್ರೂ ನನ್ನ ಹೊಟ್ಟೆ ಮುಟ್ಟಿದ್ರಾ?"

ಲೆಕ್ಕ ಹಾಕಿದೆ. 46 ಜೊತೆ ಅಂದರೆ 92 ಕೈ. ದಸರಾ ಗೊಂಬೆಯ ದುರ್ಗೆಗೂ ಅಷ್ಟು ಕೈ ಇರಲ್ಲ. ಅಷ್ಟೂ ಕೈ ಅಮ್ಮನ ಮಂಚದ ಸುತ್ತ ಓಡಾಡಿವೆ. ಡ್ರಿಪ್ ಬದಲಿಸಿವೆ, ಫೈಲು ತಿರುವಿವೆ, ಲಿಫ್ಟಿನ ಗುಂಡಿ ಒತ್ತಿವೆ. ಆದರೂ ಅವಳು ನೆಂಟರಿಗೆಲ್ಲ ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಕೈ ಇಟ್ಟು ನೋಡ್ಲಿಲ್ಲ."

ಆಸ್ಪತ್ರೆಗಳು ಹಿಂದಿಗಿಂತ ಎಷ್ಟೋ ಮುಂದುವರೆದಿದ್ದರೂ ಜನ ಯಾಕೆ ಗೊಣಗುತ್ತಾರೆ ಅಂತ ದೊಡ್ಡವರು ದೊಡ್ಡ ಹೋಟೆಲುಗಳಲ್ಲಿ ಕೂತು ಚರ್ಚೆ ಮಾಡುತ್ತಾರೆ. ಸ್ಲೈಡು, ಗ್ರಾಫು, ಮಧ್ಯಾಹ್ನ ಬಫೆ. ಅಮ್ಮನನ್ನು ಯಾರೂ ಕರೆದಿಲ್ಲ. ಕರೆದಿದ್ದರೆ ಊಟಕ್ಕೆ ಮುಂಚೆಯೇ ಮುಗಿಯುತ್ತಿತ್ತು.

ನಮ್ಮಲ್ಲಿ ಕೈಗುಣ ಅಂತ ಒಂದು ಮಾತಿದೆ. ಅದನ್ನು ಡಿಗ್ರಿಗೆ ಹೇಳಲ್ಲ, ಯಂತ್ರಕ್ಕಂತೂ ಹೇಳಲ್ಲ. ನಮ್ಮೂರಲ್ಲಿ ಒಬ್ಬರು ಡಾಕ್ಟರಿದ್ದರು. ಯಾವ ಕಾಯಿಲೆಗಾದರೂ ಕೆಂಪು ಮಿಕ್ಸ್ಚರ್. ಸೀಸೆ ನಾವೇ ತೊಳೆದು ಒಯ್ಯಬೇಕು. ಕಾಂಪೌಂಡರ್ ಅದರ ಮೈಗೆ ಕಾಗದದ ಪಟ್ಟಿ ಕತ್ತರಿಸಿ ಅಂಟಿಸುತ್ತಿದ್ದ, ಒಂದು ಗುರುತಿಗೆ ಒಂದು ಹೊತ್ತು. ಸೂಜಿಯನ್ನು ಕುದಿಸಿ ಕುದಿಸಿ ಊರಿಗೆಲ್ಲ ಅದನ್ನೇ ಚುಚ್ಚುತ್ತಿದ್ದರು. ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಹಳೇ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಆಗ ಜನ ವಾಂತಿಭೇದಿಗೂ ಸಾಯುತ್ತಿದ್ದರು. ಆದರೆ ನಾಲಿಗೆ ಚಾಚಿ, ಕಣ್ಣಿನ ರೆಪ್ಪೆ ಎಳೆಸಿಕೊಂಡು, ಬೆನ್ನ ಮೇಲೆ ಟಕ್ ಟಕ್ ಬಡಿಸಿಕೊಂಡು, ಒಂದು ಬೈಗುಳವನ್ನೂ ತಿಂದು, ಸಮಾಧಾನವಾಗಿ ಸಾಯುತ್ತಿದ್ದರು.

ಈ ಆಸ್ಪತ್ರೆಯ ಡಾಕ್ಟರು ಒಳ್ಳೆಯವರೇ. ಮೃದು ಮಾತು. "ಎಷ್ಟು ದಿನದಿಂದ ನೋವು?" ಅಂತ ಕಂಪ್ಯೂಟರನ್ನು ಕೇಳಿದರು. ಅಮ್ಮ ಉತ್ತರ ಕೊಟ್ಟಳು. "ಊಟ ಸೇರುತ್ತಾ?" ಅದನ್ನೂ ಕಂಪ್ಯೂಟರನ್ನೇ ಕೇಳಿದರು. ಅಷ್ಟರಲ್ಲಿ ಅದು ನಿಂತುಹೋಯಿತು. "ಸಿಸ್ಟಮ್ ಸ್ವಲ್ಪ ವೀಕ್ ಇದೆ" ಅಂದರು. ಅಮ್ಮ ಗಾಬರಿಯಾಗಿ ನನ್ನ ಕಿವಿಯಲ್ಲಿ, "ಯಾವ ಸಿಸ್ಟಮ್ಮೋ, ನರದ್ದಾ ಹೊಟ್ಟೆದಾ?" ಅಂತ ಕೇಳಿದಳು.

ಅವರನ್ನು ಬೈದು ಪ್ರಯೋಜನ ಇಲ್ಲ, ಪಾಪ. ಹೊರಗೆ ನಲವತ್ತು ಜನ ಟೋಕನ್ ಹಿಡಿದು ಕೂತಿದ್ದರು. 2017ರ ನವೆಂಬರಿನಲ್ಲಿ ಬಿಎಂಜೆ ಓಪನ್ ಅನ್ನೋ ವೈದ್ಯ ಪತ್ರಿಕೆ 67 ದೇಶಗಳ ಲೆಕ್ಕ ಹಾಕಿತ್ತು, ಸಾಮಾನ್ಯ ವೈದ್ಯರು ಒಬ್ಬ ರೋಗಿಗೆ ಎಷ್ಟು ಹೊತ್ತು ಕೊಡುತ್ತಾರೆ ಅಂತ. ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ. ಬಾಂಗ್ಲಾದೇಶದಲ್ಲಿ 48 ಸೆಕೆಂಡು. ನಮ್ಮಲ್ಲಿ ಸುಮಾರು 2 ನಿಮಿಷ. ಎರಡು ನಿಮಿಷದಲ್ಲಿ ಅಮ್ಮ ಎಲ್ಲಿವರೆಗೆ ಬರುತ್ತಾಳೆ ಹೇಳಿ. ಅವಳ ಹೊಟ್ಟೆನೋವಿನ ಕತೆ ಶುರುವಾಗುವುದು ಮದುವೆಮನೆಯ ಬಾಳೆಲೆಯಿಂದ. ತುದಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಆಮೇಲೆ ಕೋಸಂಬರಿ. ಪಲ್ಯ ಬರುವಷ್ಟರಲ್ಲಿ ಎರಡು ನಿಮಿಷ ಮುಗಿಯಿತು. ಕಾಯಿಲೆ ಇದ್ದದ್ದು ಕೊನೆಗೆ ಬಡಿಸಿದ ಮಜ್ಜಿಗೆಹುಳಿಯಲ್ಲಿ.

ಕತೆ ಕೇಳಲು ಹೊತ್ತಿಲ್ಲ. ಹಾಗಾಗಿ ರಕ್ತ ಕೇಳಿದರು. ಆಮೇಲೆ ಮೂತ್ರ. ಆಮೇಲೆ ಒಂದು ಸ್ಕ್ಯಾನು, ಅದರಲ್ಲಿ ಸರಿಯಾಗಿ ಕಾಣಲಿಲ್ಲ ಅಂತ ಅದಕ್ಕಿಂತ ದುಬಾರಿಯಾದ ಇನ್ನೊಂದು. ಎಲ್ಲ ನಾರ್ಮಲ್. ಎರಡನೇ ಸ್ಕ್ಯಾನಿನ ರಿಪೋರ್ಟಿನ ಕೊನೆಯಲ್ಲಿ, ಎಲ್ಲ ರಿಪೋರ್ಟಿನ ಕೊನೆಯಲ್ಲೂ ಇರುವ ಇಂಗ್ಲಿಷಿನ ಒಂದು ಸಾಲಿತ್ತು. ರೋಗಿಯ ದೈಹಿಕ ಪರೀಕ್ಷೆಯ ಜೊತೆ ತಾಳೆ ನೋಡಿ ಅಂತ. ಅಂದರೆ ನಮ್ಮ ಭಾಷೆಯಲ್ಲಿ: ಸ್ವಲ್ಪ ಮುಟ್ಟಿ ನೋಡಿ ಸ್ವಾಮಿ. ಅಷ್ಟು ದೊಡ್ಡ ಯಂತ್ರ, ಅಮ್ಮನನ್ನು ಸುರಂಗದೊಳಗೆ ಹಾಕಿ ಹೊರಗೆ ತೆಗೆದು, ಕೊನೆಗೆ ಹೇಳಿದ್ದು ಅಮ್ಮ ಹೇಳಿದ್ದನ್ನೇ.

ಇನ್ನು ರೂಮು. ಕೌಂಟರಿನ ಹುಡುಗಿ ಹೋಟೆಲಿನವರಂತೆ ಬಣ್ಣದ ಹಾಳೆ ತೋರಿಸಿದಳು. ಜನರಲ್, ಇಬ್ಬರ ರೂಮು, ಒಬ್ಬರ ರೂಮು, ಡೀಲಕ್ಸ್, ಸೂಟ್. ರೂಮು ದೊಡ್ಡದಾದರೆ ಬಾಡಿಗೆ ಜಾಸ್ತಿ, ಅದು ಸರಿ. ಆದರೆ ಇಂಥ ಆಸ್ಪತ್ರೆಗಳಲ್ಲಿ ರೂಮು ದೊಡ್ಡದಾದರೆ ಡಾಕ್ಟರ ಫೀಸು, ಆಪರೇಷನ್ನಿನ ಚಾರ್ಜು ಎಲ್ಲ ಜೊತೆಗೇ ಏರುತ್ತವೆ. ಅಂದರೆ ಕಿಟಕಿಯಿಂದ ಗುಲ್‌ಮೊಹರ್ ಕಾಣುತ್ತಿದ್ದರೆ ನಿಮ್ಮ ಅಪೆಂಡಿಕ್ಸ್ ಕೂಡ ಡೀಲಕ್ಸ್. ದಿನಕ್ಕೆ 5000 ರೂಪಾಯಿ ದಾಟಿದ ರೂಮಿಗೆ 2022ರ ಜುಲೈ 18ರಿಂದ ಶೇ. 5 ಜಿಎಸ್‌ಟಿ ಬೇರೆ. ಐಸಿಯುಗೆ ಮಾತ್ರ ವಿನಾಯಿತಿ. ತೆರಿಗೆ ಉಳಿಸಬೇಕಾದರೆ ಇನ್ನೂ ಸ್ವಲ್ಪ ಜೋರಾಗಿ ಕಾಯಿಲೆ ಬೀಳಬೇಕು.

ಇನ್ಶೂರೆನ್ಸ್ ಇತ್ತಲ್ಲ ಅನ್ನಬೇಡಿ. ಇತ್ತು. ಪಾಲಿಸಿಯ ಹಿಂಭಾಗದಲ್ಲಿ, ಯಾರೂ ಓದದ ಜಾಗದಲ್ಲಿ, ದುಡ್ಡು ಕೊಡದ ವಸ್ತುಗಳ ಒಂದು ಪಟ್ಟಿ ಇರುತ್ತದೆ. ಟೀವಿ, ಲಾಂಡ್ರಿ, ಮಿನರಲ್ ವಾಟರ್, ಬ್ಯೂಟಿ ಸರ್ವೀಸ್. ನ್ಯಾಯವೇ. ಅದೇ ಪಟ್ಟಿಯಲ್ಲಿ ಮುಂದೆ ಹೋದರೆ ಥರ್ಮಾಮೀಟರ್, ಮಾಸ್ಕ್, ಇಸಿಜಿ ಎಲೆಕ್ಟ್ರೋಡ್, ಗ್ಲೌಸ್. ಜ್ವರ ಬಂದವಳ ಜ್ವರ ಅಳೆಯುವುದು ಶೋಕಿ, ಕೂದಲಿಗೆ ಬಣ್ಣ ಹಚ್ಚಿಸಿಕೊಂಡ ಹಾಗೆ. 46 ಜೊತೆ ಗ್ಲೌಸಿನ ದುಡ್ಡು ನಾನೇ ಕಟ್ಟಿದೆ. ವಾಪಸ್ ಕೊಡಿ, ಮನೆಯಲ್ಲಿ ಪಾತ್ರೆ ತೊಳೆಯೋಕಾಗತ್ತೆ ಅಂತ ಅಮ್ಮ ಕೇಳಿದಳು. ಕೊಡಲಿಲ್ಲ.

ಡಿಸ್ಚಾರ್ಜ್ ಬೆಳಗ್ಗೆ ಒಂಬತ್ತಕ್ಕೆ ಅಂದರು. ಅಮ್ಮ ಎಂಟಕ್ಕೇ ಸೀರೆ ಉಟ್ಟು, ಹೂವಿಲ್ಲ ಅಂತ ಗೊಣಗಿ, ಚೀಲ ತೊಡೆಯ ಮೇಲಿಟ್ಟುಕೊಂಡು ಮಂಚದ ಅಂಚಿಗೆ ಕೂತಳು, ತಿಪಟೂರಿನ ಬಸ್ಸಿಗೆ ಕಾಯುವ ಹಾಗೆ. ಡಿಸ್ಚಾರ್ಜ್ ಬೇಡಿಕೆ ಬಂದ ಮೂರು ಗಂಟೆಯೊಳಗೆ ಇನ್ಶೂರೆನ್ಸ್ ಕಂಪನಿ ಒಪ್ಪಿಗೆ ಕೊಡಬೇಕು ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐ 2024ರ ಮೇ ತಿಂಗಳಲ್ಲೇ ನಿಯಮ ಮಾಡಿದೆ. ನಾನು ಅದನ್ನು ಮೊಬೈಲಿನಲ್ಲಿ ಹುಡುಕಿ ಕೌಂಟರಿಗೆ ಒಯ್ದೆ. ಆ ಹುಡುಗಿ ನಕ್ಕಳು. "ಸರ್, ಮೂರು ಗಂಟೆ ಶುರುವಾಗೋದು ನಾವು ಕಳಿಸಿದ ಮೇಲೆ. ನಾವಿನ್ನೂ ಕಳಿಸಿಲ್ಲ." ಫಾರ್ಮಸಿ ಲೆಕ್ಕ ಬರಬೇಕು, ಸಮ್ಮರಿ ಟೈಪಾಗಬೇಕು, ಸಹಿ ಹಾಕುವವರು ಓಟಿಯಲ್ಲಿದ್ದಾರೆ. ಮಧ್ಯಾಹ್ನದ ಊಟ ಬಂತು. ಊಟದ ಚಾರ್ಜೂ ಬಂತು. ಸಂಜೆ ಆರೂವರೆಗೆ ಬಿಟ್ಟರು.

ಆ ಒಂಬತ್ತೂವರೆ ಗಂಟೆಯಲ್ಲಿ ಗೋಡೆಯ ಮೇಲಿನ ಬೋರ್ಡುಗಳನ್ನೆಲ್ಲ ಓದಿದೆ. ಬಾಗಿಲಲ್ಲೇ ಒಂದು ದೊಡ್ಡದು, ಕೆಂಪಕ್ಷರದಲ್ಲಿ. ವೈದ್ಯರ ಮೇಲೆ ಹಲ್ಲೆ ಮಾಡಿದರೆ 2009ರ ಕಾಯ್ದೆ ಪ್ರಕಾರ ಜೈಲು. ಸರಿಯಾದದ್ದೇ. ಹೊಡೆಯುವವರು ಇದ್ದಾರೆ, ಅವರಿಗೆ ಜೈಲೇ ಆಗಬೇಕು. ಎರಡನೇ ಬೋರ್ಡು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಹಾಕಬೇಕು ಅಂತ ಅವಕ್ಕೆಂದೇ ಇರುವ ರಾಜ್ಯದ ಕೆಪಿಎಂಇ ಕಾಯ್ದೆ ಹೇಳುತ್ತದೆ. ಅದು ಮನಿಪ್ಲಾಂಟಿನ ಹಿಂದೆ ಇತ್ತು. ಬಳ್ಳಿ ಚೆನ್ನಾಗಿ ಹಬ್ಬಿತ್ತು, ಹೆಸರಿಗೆ ತಕ್ಕ ಹಾಗೆ.

ಈ ಕಾಯ್ದೆಯನ್ನು ಬಿಗಿ ಮಾಡುವ ತಿದ್ದುಪಡಿಯನ್ನು 2017ರಲ್ಲಿ ತರಲು ಆಗಿನ ಆರೋಗ್ಯ ಸಚಿವ ರಮೇಶ್ ಕುಮಾರ್ ಹೊರಟಾಗ ನೆನಪಿದೆಯಾ? ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದರು. ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಪಾಸಾಗುವಷ್ಟರಲ್ಲಿ ಅದಕ್ಕೆ ಚೆನ್ನಾಗಿಯೇ ಪಥ್ಯ ಮಾಡಿಸಿ ಮೈ ಇಳಿಸಿದ್ದರು. ಆದರೂ ಒಂದು ಒಳ್ಳೆಯ ಅಂಶ ಉಳಿಯಿತು. ರೋಗಿ ತೀರಿಕೊಂಡರೆ ಬಾಕಿ ಕಟ್ಟಲಿಲ್ಲ ಅಂತ ಶವ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಅಂದರೆ ಬಿಲ್ಲು ಕಟ್ಟದೆ ಹೊರಗೆ ಹೋಗಲು ಕಾನೂನು ಒಂದು ದಾರಿ ಇಟ್ಟಿದೆ. ಸಂಜೆ ಐದರ ಹೊತ್ತಿಗೆ ಅಮ್ಮನಿಗೆ ಇದನ್ನು ಹೇಳಿದೆ. "ಬೇಡಪ್ಪ, ಕಟ್ಟಿಬಿಡು" ಅಂದಳು.

ಸರ್ಕಾರಿ ಆಸ್ಪತ್ರೆಗೆ ಹೋಗಬಹುದಿತ್ತಲ್ವಾ ಅಂತ ನೀವು ಕೇಳಬಹುದು. ಹೋಗಬಹುದಿತ್ತು. ವಿಕ್ಟೋರಿಯಾದಲ್ಲಿ ಹೊರರೋಗಿ ಚೀಟಿ 2024ರ ನವೆಂಬರಿನಲ್ಲಿ 10ರಿಂದ 20 ರೂಪಾಯಿ ಆಯಿತು ಅಂತ ಗಲಾಟೆ ನಡೆಯಿತು. ನಾವು ಗ್ಲೌಸಿಗೆ ಕೊಟ್ಟ ದುಡ್ಡಲ್ಲಿ ಇಡೀ ಓಣಿಗೆ ಚೀಟಿ ಮಾಡಿಸಬಹುದು. ಅಲ್ಲಿ ಕೈ ಇಟ್ಟೂ ನೋಡುತ್ತಾರೆ. ಸ್ಕ್ಯಾನಿಂಗ್ ಸರದಿ ಬರುವುದು ಯಾವಾಗಲೋ, ಅಲ್ಲಿವರೆಗೆ ಕೈಯೇ ಗತಿ. ಸರ್ಕಾರದ್ದೇ ಆದ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಡಾ. ಸಿ.ಎನ್. ಮಂಜುನಾಥ್ 'ಮೊದಲು ಚಿಕಿತ್ಸೆ, ಆಮೇಲೆ ದುಡ್ಡು' ಅನ್ನೋ ಪದ್ಧತಿ ನಡೆಸಿ ತೋರಿಸಿದರು. ಅಂಥವರನ್ನು ಕಂಡು ನಮಗೆಲ್ಲ ಎಷ್ಟು ಸಂತೋಷವಾಯಿತೆಂದರೆ, 2024ರಲ್ಲಿ ಅವರನ್ನು ಗೆಲ್ಲಿಸಿ ದೆಹಲಿಗೆ ಕಳಿಸಿಬಿಟ್ಟೆವು.

ಮನೆಗೆ ಬಂದ ಮಾರನೇ ದಿನ ಅಮ್ಮನ ಫೋನಿಗೆ ಕರೆ ಬಂತು. ಆಸ್ಪತ್ರೆಯ 'ಪೇಷೆಂಟ್ ಎಕ್ಸ್‌ಪೀರಿಯನ್ಸ್' ವಿಭಾಗ. ಅಮ್ಮ ಸ್ಪೀಕರ್ ಹಾಕಿದಳು.

"ಅಮ್ಮಾ, ರೂಮಿನ ಸ್ವಚ್ಛತೆಗೆ ಐದರಲ್ಲಿ ಎಷ್ಟು ಕೊಡ್ತೀರಾ?"

"ಐದು ಕೊಡಮ್ಮ. ಚೆನ್ನಾಗಿ ಒರೆಸ್ತಾಳೆ ಆ ಹುಡುಗಿ. ಚಿಂತಾಮಣಿ ಕಡೆಯವಳು. ಅವಳೇ ಎರಡು ಸಲ ಹಣೆ ಮುಟ್ಟಿ ಜ್ವರ ಇಳಿದಿದೆ ಅಂದಳು."

"ಊಟಕ್ಕೆ?"

"ಉಪ್ಪಿಲ್ಲ. ಎರಡು."

"ಡಾಕ್ಟರ್ ಬಗ್ಗೆ ಏನ್ ಹೇಳ್ತೀರಾ ಅಮ್ಮಾ?"

ಅಮ್ಮ ಸ್ವಲ್ಪ ಯೋಚನೆ ಮಾಡಿದಳು. ಮೂರು ದಿನ ಅವರನ್ನು ನೋಡಿದ್ದು ಪಕ್ಕದಿಂದ ಮಾತ್ರ. ಅವರು ಕಂಪ್ಯೂಟರ್ ನೋಡುತ್ತಿದ್ದರು, ಇವಳು ಅವರನ್ನು ನೋಡುತ್ತಿದ್ದಳು.

"ಒಳ್ಳೇ ಹುಡುಗ. ಎಡಗಿವಿ ಕೆಳಗೆ ಒಂದು ಮಚ್ಚೆ ಇದೆ ನೋಡು, ಮೊದಲ ದಿನಕ್ಕಿಂತ ಕೊನೇ ದಿನ ಕೆಂಪಾಗಿತ್ತು. ತೋರಿಸಿಕೊಳ್ಳೋಕೆ ಹೇಳಮ್ಮ. ನಿಮ್ಮಲ್ಲಿ ಬೇಡ, ಯಾರಾದ್ರೂ ಕೈ ಇಟ್ಟು ನೋಡೋರ ಹತ್ರ."