ಲ್ಯಾಬಿನ ಗುಲಾಬಿ ಹನಿಯೂ ಚಂಪಾರಣ್‌ನ ನೀಲಿಯೂ

ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಇದು ಮರೆತಿರಲಿಕ್ಕಿಲ್ಲ. ಬ್ಯೂರೆಟ್‌ನಿಂದ ಒಂದೊಂದೇ ಹನಿ ಬಿಡಬೇಕು, ಕೆಳಗಿನ ಫ್ಲಾಸ್ಕನ್ನು ಅಲ್ಲಾಡಿಸುತ್ತಲೇ ಇರಬೇಕು. ಬಣ್ಣವೇ ಇಲ್ಲದ ದ್ರಾವಣ ಇದ್ದಕ್ಕಿದ್ದಂತೆ ತಿಳಿ ಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನನ್ನ ಕೈಯಲ್ಲಿ ಅದು ಯಾವತ್ತೂ ತಿಳಿ ಗುಲಾಬಿಗೆ ನಿಲ್ಲಲಿಲ್ಲ. ನೇರವಾಗಿ ಬೀಟ್‌ರೂಟ್ ಸಾರು! ಪಕ್ಕದವನ ರೀಡಿಂಗ್ ನೋಡಿ ಬರೆದುಕೊಂಡೇ ಪಾಸಾದವನು ನಾನು.

ಆ ಗುಲಾಬಿ ಬರುವುದು ಫಿನಾಫ್ತಲೀನ್‌ನಿಂದ, ಅಂದರೆ ಕ್ಷಾರ ಸೇರಿದರೆ ಗುಲಾಬಿಯಾಗುವ ವಸ್ತುವಿನಿಂದ. ಅದನ್ನು 1871ರಲ್ಲಿ ಮೊದಲು ತಯಾರಿಸಿದವರು ಅಡಾಲ್ಫ್ ಫಾನ್ ಬೇಯರ್ ಎಂಬ ಜರ್ಮನ್ ಪ್ರೊಫೆಸರ್. (ಆಸ್ಪಿರಿನ್ ಮಾಡುವ ಬೇಯರ್ ಕಂಪನಿಗೂ ಇವರಿಗೂ ಸಂಬಂಧ ಇಲ್ಲ. ಆ ಬೇಯರ್ ಬೇರೆ, ಸ್ಪೆಲಿಂಗೂ ಬೇರೆ.) ಕೆಮಿಸ್ಟ್ರಿ ಲ್ಯಾಬಿನ ಈ ಮನುಷ್ಯ ನಮ್ಮ ಹಿಸ್ಟರಿ ಪಾಠದಲ್ಲೂ ಇದ್ದರು, ಆದರೆ ಹೆಸರಿಲ್ಲದೆ. ಜರ್ಮನಿಯ ಕೃತಕ ನೀಲಿ (ಬಟ್ಟೆಗೆ ಹಾಕುವ ಇಂಡಿಗೊ ಬಣ್ಣ) ಬಂದು ಭಾರತದ ನೀಲಿ ಗಿಡದ ಬೆಳೆಗಾರರು ಹಾಳಾದರು ಅಂತ ಮೇಷ್ಟ್ರು ಒಂದು ಮಾತು ಹೇಳಿ ಮುಂದೆ ಹೋಗಿಬಿಡುತ್ತಿದ್ದರು. ನನ್ನ ತಕರಾರು ಆ ಮಾತಿನ ಮೇಲೆ.

ಮೊದಲು ಬೇಯರ್ ಕಥೆ. ಹುಟ್ಟಿದ್ದು 1835ರಲ್ಲಿ, ಬರ್ಲಿನ್‌ನಲ್ಲಿ. ಅಪ್ಪ ಸೇನೆಯಲ್ಲಿದ್ದವರು, ಭೂಮಿಯ ಅಳತೆಯಲ್ಲಿ ಹೆಸರು ಮಾಡಿದವರು. 13ನೇ ಹುಟ್ಟುಹಬ್ಬಕ್ಕೆ ಬಂದ ಎರಡು ಥಾಲರ್ ದುಡ್ಡಿನಲ್ಲಿ ಹುಡುಗ ಕೊಂಡದ್ದು ಒಂದು ಉಂಡೆ ನೀಲಿಯನ್ನಂತೆ. ಮುಂದೆ ಹೈಡೆಲ್‌ಬರ್ಗ್‌ನಲ್ಲಿ ಬುನ್ಸೆನ್ ಹತ್ತಿರ, ಆಮೇಲೆ ಕೆಕುಲೆ ಹತ್ತಿರ ಕಲಿತರು. ಹೌದು, ಲ್ಯಾಬಿನ ಬುನ್ಸೆನ್ ಬರ್ನರ್, ಪುಸ್ತಕದ ಬೆಂಜೀನ್ ಉಂಗುರ, ಅದೇ ಇಬ್ಬರು.

1865ರಲ್ಲಿ ಬರ್ಲಿನ್‌ನಲ್ಲಿ ಪಾಠ ಮಾಡುತ್ತಲೇ ನೀಲಿಯ ಬೆನ್ನು ಹತ್ತಿದರು. ನಡುವೆ ಗುರು ಕೆಕುಲೆಯೇ ಅದರ ಮೇಲೆ ಕೆಲಸ ಮಾಡುತ್ತಿರುವುದು ಗೊತ್ತಾಗಿ ಸುಮಾರು ಎಂಟು ವರ್ಷ ಸುಮ್ಮನಾದರು. ಈಗಿನ ಕಾಲದಲ್ಲಿ ಯಾರು ಹಾಗೆ ಬಿಟ್ಟುಕೊಡುತ್ತಾರೆ ಹೇಳಿ? 1875ರಲ್ಲಿ ಮ್ಯೂನಿಕ್‌ಗೆ ಬಂದರು, ಹೆಸರಾಂತ ಕೆಮಿಸ್ಟ್ ಲೀಬಿಗ್ ಕೂತಿದ್ದ ಪೀಠಕ್ಕೆ. 1880ರಲ್ಲಿ ಗಿಡದ ಹಂಗಿಲ್ಲದೆ ನೀಲಿ ತಯಾರಿಸುವ ದಾರಿಗೆ ಪೇಟೆಂಟ್ ಆಯಿತು. 1883ರ ಹೊತ್ತಿಗೆ ಅದರ ಅಣುರಚನೆಯೂ ಬಿಡಿಸಿಕೊಂಡಿತ್ತು. 1905ರಲ್ಲಿ ನೊಬೆಲ್. ತಮಾಷೆ ಅಂದರೆ, ಅವರ ಶಿಷ್ಯ ಎಮಿಲ್ ಫಿಶರ್‌ಗೆ 1902ರಲ್ಲೇ ಬಂದುಬಿಟ್ಟಿತ್ತು.

ಆದರೆ ಬೇಯರ್ ದಾರಿಯಲ್ಲಿ ಮಾಡಿದ ನೀಲಿ ತುಂಬಾ ದುಬಾರಿಯಾಯಿತು. ಅಂಗಡಿಗೆ ಹೋಗುವ ಸರಕಲ್ಲ. ಬಾಸ್ಫ್ ಎಂಬ ಜರ್ಮನ್ ಬಣ್ಣದ ಕಂಪನಿ ಮತ್ತೆ ಹದಿನೇಳು ವರ್ಷ ಒದ್ದಾಡಿತು. ಕೊನೆಗೆ ಕೈಹಿಡಿದದ್ದು ನ್ಯಾಫ್ತಲೀನ್, ಬೀರುವಿನಲ್ಲಿ ಇಡುವ ನುಸಿಗುಳಿಗೆ. ಅದರಿಂದ ಬೇಕಾದ ವಸ್ತು ಬೇಗ ಬರುತ್ತಿರಲಿಲ್ಲ. ಒಂದು ದಿನ ಥರ್ಮಾಮೀಟರ್ ಒಡೆದು ಪಾದರಸ ಬಿತ್ತು, ಕೆಲಸ ಸರಸರ ಸಾಗಿತು ಅನ್ನುತ್ತಾರೆ. 1897ರಲ್ಲಿ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು. ಆ ವರ್ಷ ಜಗತ್ತಿನಲ್ಲಿ ಗಿಡದಿಂದ ತೆಗೆದ ನೀಲಿ ಸುಮಾರು 19,000 ಟನ್. 1914ಕ್ಕೆ ಅದು ಸುಮಾರು 1,000 ಟನ್ನಿಗೆ ಇಳಿದಿತ್ತು.

ನೀಲಿಯ ಗುಣವೇ ಒಂದು ಸೋಜಿಗ. ಅದು ನೀರಿನಲ್ಲಿ ಕರಗುವುದಿಲ್ಲ. ಕ್ಷಾರದ ತೊಟ್ಟಿಯಲ್ಲಿ ಅದಕ್ಕೆ ಹೈಡ್ರೋಜನ್ ಸೇರಿಸಿದರೆ ಹಳದಿ-ಹಸಿರಾಗಿ ಕರಗುತ್ತದೆ. ಆ ತೊಟ್ಟಿಯಲ್ಲಿ ನೂಲು ಅದ್ದಿ ಮೇಲೆತ್ತಿದರೆ ಗಾಳಿ ತಾಗಿ ಕಣ್ಣೆದುರೇ ನೀಲಿಯಾಗುತ್ತದೆ. ಡೆನಿಮ್ ನೂಲಿನಲ್ಲಿ ಬಣ್ಣ ಒಳಗಿನವರೆಗೆ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಕೂರುತ್ತದೆ. ಅದಕ್ಕೇ ನಮ್ಮ ಬಳ್ಳಾರಿ ಜೀನ್ಸ್ ಮೊಣಕಾಲಿನ ಹತ್ತಿರ ಮೊದಲು ಬೆಳ್ಳಗಾಗುವುದು.

ಈಗ ತಕರಾರಿಗೆ ಬರುತ್ತೇನೆ. ಹಾಳಾದ ಬೆಳೆಗಾರರು ಅಂದರೆ ಯಾರು? ಬಂಗಾಳದ ರೈತರು ನೀಲಿ ಬಿತ್ತುವುದಿಲ್ಲ ಅಂತ ದಂಗೆ ಎದ್ದದ್ದು 1859ರಲ್ಲಿ. ಆಗ ಬೇಯರ್ ಇನ್ನೂ ನೀಲಿಯ ಕೆಲಸ ಶುರುವೇ ಮಾಡಿರಲಿಲ್ಲ! ರೈತರಿಗೆ ಅದು ಬೇಡದ ಬೆಳೆ. ಬೇಕಾಗಿದ್ದು ತೋಟದ ಬಿಳಿಯ ದೊರೆಗಳಿಗೆ. ಬಿಹಾರದ ಚಂಪಾರಣ್‌ನಲ್ಲಿ ತೀನ್‌ಕಠಿಯಾ ಅಂತ ಪದ್ಧತಿ ಇತ್ತು. ಬಿಘಾ, ಕಠ್ಠಾ ಅಂದರೆ ಅಲ್ಲಿನ ನೆಲದ ಅಳತೆ, ಬಿಘಾಕ್ಕೆ 20 ಕಠ್ಠಾ. ಅದರಲ್ಲಿ 3 ಕಠ್ಠಾದಲ್ಲಿ ದೊರೆಗೆ ನೀಲಿ ಬೆಳೆದು ಕೊಡಲೇಬೇಕು.

ಹಾಗಿದ್ದ ಮೇಲೆ ಕಾರ್ಖಾನೆಯ ನೀಲಿ ಬಂದಾಗ ರೈತ ನಿಟ್ಟುಸಿರು ಬಿಡಬೇಕಿತ್ತು, ಅಲ್ವಾ? ಬಿಡಲು ದೊರೆಗಳು ಬಿಡಲಿಲ್ಲ. ನೀಲಿ ಬೆಳೆಯುವ ಕರಾರಿನಿಂದ ನಿಮ್ಮನ್ನು ಬಿಡುಗಡೆ ಮಾಡುತ್ತೇವೆ, ಆದರೆ ಅದಕ್ಕೆ ಬೆಲೆ ಕೊಡಿ ಅಂದರು. ಕೆಲವರ ಗೇಣಿ ಶಾಶ್ವತವಾಗಿ ಏರಿತು. ಅದರ ಹೆಸರು ಶರಹ್‌ಬೇಶಿ. ಕೆಲವರು ಒಟ್ಟಿಗೆ ದುಡ್ಡು ಕಟ್ಟಬೇಕಾಯಿತು. ಅದು ತಾವಾನ್. ಬೇಡದ ಬೆಳೆ ಬಿಡುವುದಕ್ಕೂ ರೈತನೇ ದಂಡ ತೆರಬೇಕು! 1914ರಲ್ಲಿ ಯುದ್ಧ ಬಂದು ಜರ್ಮನ್ ಬಣ್ಣ ನಿಂತಿತು, ಗಿಡದ ನೀಲಿಗೆ ಬೆಲೆ ಏರಿತು. ದೊರೆಗಳು ಮತ್ತೆ ಬಿತ್ತಿಸಲು ಹೊರಟರು. ಬೆಲೆ ಬಿದ್ದರೂ ರೈತನಿಗೇ ಏಟು, ಎದ್ದರೂ ರೈತನಿಗೇ ಏಟು. ಇದು ಮ್ಯೂನಿಕ್‌ನ ಫ್ಲಾಸ್ಕಿನಿಂದ ಬಂದದ್ದಲ್ಲ, ಕರಾರು ಪತ್ರದಿಂದ ಬಂದದ್ದು. ತಪ್ಪನ್ನೆಲ್ಲ ಕೃತಕ ನೀಲಿಯ ತಲೆಗೆ ಕಟ್ಟಿದರೆ ಆ ದೊರೆಗಳು ಸಲೀಸಾಗಿ ತಪ್ಪಿಸಿಕೊಳ್ಳುತ್ತಾರೆ.

ರಾಜ್‌ಕುಮಾರ್ ಶುಕ್ಲಾ ಎಂಬ ರೈತ ಬೆನ್ನು ಬಿಡದೆ ಕರೆದದ್ದಕ್ಕೆ 1917ರ ಏಪ್ರಿಲ್‌ನಲ್ಲಿ ಗಾಂಧೀಜಿ ಚಂಪಾರಣ್‌ಗೆ ಬಂದರು. ಸರ್ಕಾರ ವಿಚಾರಣಾ ಸಮಿತಿ ಮಾಡಿ ಅವರನ್ನೂ ಸೇರಿಸಿಕೊಂಡಿತು. ಸಮಿತಿಯ ಕೆಲಸ ಇನ್ನೂ ಮುಗಿದಿರಲಿಲ್ಲ, ಆಗಸ್ಟ್ 20ರಂದು ಮ್ಯೂನಿಕ್ ಹತ್ತಿರದ ಸ್ಟಾರ್ನ್‌ಬರ್ಗ್‌ನಲ್ಲಿ ಬೇಯರ್ ತೀರಿಕೊಂಡರು. 81 ವರ್ಷ ವಯಸ್ಸು. ಮರುವರ್ಷ ಕಾಯ್ದೆ ಬಂದು ತೀನ್‌ಕಠಿಯಾ ರದ್ದಾಯಿತು. ರೈತರು ತೆತ್ತಿದ್ದ ತಾವಾನ್‌ನಲ್ಲಿ ದೊರೆಗಳು ವಾಪಸ್ ಕೊಡಲು ಒಪ್ಪಿದ್ದು ರೂಪಾಯಿಗೆ ನಾಲ್ಕಾಣೆ.