ಹೊಲದ ಹುಲ್ಲನ್ನ ವೇಸ್ಟ್ ಅನ್ಬೇಡಿ

ಹುಲ್ಲು, ದಂಟು, ಸಗಣಿಯಿಂದ ಕರೆಂಟ್, ಗ್ಯಾಸ್ ಮಾಡೋ ಬಯೋಮಾಸ್ ಪ್ಲಾಂಟ್ ವಿಷಯ ಬಂದ್ರೆ ಸಾಕು, ಎಲ್ರೂ "ಕೃಷಿ ತ್ಯಾಜ್ಯ" ಅಂತಾನೇ ಮಾತು ಶುರು ಮಾಡ್ತಾರೆ, ನಂಗೆ ಅಲ್ಲೇ ತಕರಾರು. ಕೊಯ್ಲಾದ್ಮೇಲೆ ಉಳಿಯೋ ಹುಲ್ಲು, ದಂಟು, ಕೂಳೆ ಎಲ್ಲಾ ಮಣ್ಣಿನ ಪಾಲು ಕಣ್ರೀ. ನೆಲದ ಮೇಲೆ ಹರಡಿರೋ ಹುಲ್ಲನ್ನ ಒಂದ್ಸಲ ಕೈಯಲ್ಲಿ ಸರಿಸಿ ನೋಡಿ, ಕೆಳಗಡೆ ಮಣ್ಣು ತಣ್ಣಗಿರುತ್ತೆ, ಬಿಳೀ ಬೂಷ್ಟಿನ ಎಳೆ ಹಬ್ಬಿರುತ್ತೆ, ಬೆಳಕು ಬಿದ್ದಿದ್ದೇ ತಡ ಎರೆಹುಳ ಒಳಕ್ಕೆ ಜಾರ್ಕೊಳ್ತವೆ. ಪಕ್ಕದ ಬರೀ ನೆಲ ಮುಟ್ಟಿದ್ರೆ ಕಾದ ಹೆಂಚು.

ಹಾಗಂತ ಬಯೋಮಾಸೇ ಬೇಡ ಅಂತಿಲ್ಲ, ಎಲ್ಲಾನೂ ಒಂದೇ ತಕ್ಕಡೀಲಿ ತೂಗ್ಬೇಡಿ ಅಂತಿದೀನಿ. ಬಾಯ್ಲರ್‌ಗೆ ಹಾಕಿ ಸುಟ್ರೆ ಇಂಗಾಲ, ಸಾರಜನಕ ಹೊಗೆ ಜೊತೆ ಹೋಯ್ತು, ಪೊಟ್ಯಾಷ್ ರಂಜಕ ಬೂದೀಲಿ ಉಳಿಯುತ್ತೆ ನಿಜ, ಆದ್ರೆ ಆ ಬೂದಿ ತಿರುಗಿ ಹೊಲಕ್ಕೆ ಬಂದ್ರೆ ತಾನೇ ಲೆಕ್ಕ? ಗ್ಯಾಸಿಫೈಯರ್‌ನಲ್ಲಿ (ಕಮ್ಮಿ ಗಾಳೀಲಿ ಬಿಸಿ ಮಾಡಿ ಗ್ಯಾಸ್ ತೆಗೆಯೋ ಯಂತ್ರ) ಕೊನೆಗೆ ಒಂದಿಷ್ಟು ಇದ್ದಿಲಾದ್ರೂ ಸಿಗುತ್ತೆ, ಮಣ್ಣಿಗೆ ಸೇರಿಸ್ಬಹುದು.

ಬಯೋಗ್ಯಾಸ್ ದಾರಿ ಬೇರೇನೇ. ಗಾಳಿಯಾಡದ ಟ್ಯಾಂಕಲ್ಲಿ ಸಗಣಿ ಕೊಳೆತಾಗ ಬರೋ ಗ್ಯಾಸಲ್ಲಿ 50ರಿಂದ 70 ಪರ್ಸೆಂಟ್ ಮೀಥೇನ್, ಅದು ಇಂಗಾಲ ಜಲಜನಕ ಸೇರಿದ ಉರಿಯೋ ಗ್ಯಾಸ್, ಅಂದ್ರೆ ನಾವು ಮುಖ್ಯವಾಗಿ ಕಿತ್ಕೊಳ್ಳೋದು ಇಂಗಾಲ ಮಾತ್ರ, ಸಾರಜನಕ ರಂಜಕ ಪೊಟ್ಯಾಷ್ ಹೆಚ್ಚುಕಮ್ಮಿ ಪೂರ್ತಿ ಸ್ಲರೀಲೇ (ಗ್ಯಾಸ್ ತೆಗೆದ್ಮೇಲೆ ಉಳಿಯೋ ರಾಡಿ) ಉಳಿಯುತ್ತೆ, ಅದ್ರಲ್ಲೂ ಸಾರಜನಕದ ದೊಡ್ಡ ಪಾಲು ಅಮೋನಿಯಂ ಅನ್ನೋ ನೀರಲ್ಲಿ ಕರಗೋ ರೂಪದಲ್ಲಿರೋದ್ರಿಂದ ಬೇರು ಬೇಗ ಹೀರ್ಕೊಳ್ಳುತ್ತೆ. ಅದೇ ಕಾರಣಕ್ಕೆ ಬೇಗ ಕೈ ತಪ್ಪೋದೂ ಹೌದು! ಮಟಮಟ ಮಧ್ಯಾಹ್ನ ಸ್ಲರಿ ಚೆಲ್ಲಿ ಹಾಗೇ ಬಿಟ್ರೆ ಮೂಗಿಗೆ ಹೊಡೆಯುತ್ತಲ್ಲ ಆ ಘಾಟು, ಅದು ಗೊಬ್ಬರ ಗಾಳಿಗೆ ಹೋಗ್ತಿರೋ ವಾಸನೆ. ಸಂಜೆ ಹಾಕಿ ತಕ್ಷಣ ಮಣ್ಣು ಮುಚ್ಚಿ ದಯವಿಟ್ಟು.

ಬಯೋಗ್ಯಾಸಲ್ಲೂ ಎಡವಿದವ್ರಿದ್ದಾರೆ. ಜರ್ಮನೀಲಿ 2004ರಲ್ಲಿ ಬೆಳೆಯಿಂದ ಬಯೋಗ್ಯಾಸ್ ಕರೆಂಟ್ ಮಾಡೋ ಪ್ಲಾಂಟ್‌ನೋರಿಗೆ ಬೋನಸ್ ಕೊಟ್ರು, ನೋಡ್ನೋಡ್ತಾ ಹೊಲ ಎಲ್ಲಾ ಮೆಕ್ಕೆಜೋಳ ಆಗೋಯ್ತು, ಗುತ್ತಿಗೆ ಭೂಮಿ ರೇಟ್ ಏರ್ತು, ಕೊನೆಗೆ 2012ರಲ್ಲಿ ಹೊಸ ಪ್ಲಾಂಟಿನ ಟ್ಯಾಂಕಿಗೆ ಹಾಕೋ ಸರಕಲ್ಲಿ ಮೆಕ್ಕೆಜೋಳ, ಧಾನ್ಯ ಸೇರಿ 60 ಪರ್ಸೆಂಟ್ ದಾಟಬಾರ್ದು ಅಂತ ಕಾನೂನೇ ತರ್ಬೇಕಾಯ್ತು. ಸಗಣಿ ಅರಗಿಸ್ಬೇಕಾದ ಟ್ಯಾಂಕು ಒಳ್ಳೇ ಭೂಮೀನೇ ಕೇಳೋಕೆ ಶುರು ಮಾಡಿದ್ರೆ ರೈತನಿಗೇನು ಬಂತು?

ಇನ್ನೊಂದು, ಕರೆಂಟ್ ಮಾಡೋಕೆ ಇಂಜಿನ್‌ಗೆ ಹಾಕಿದ ಗ್ಯಾಸಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಶಾಖವಾಗಿ ಹೋಗುತ್ತೆ. ಆ ಬಿಸೀಲಿ ಕಾಳು ಒಣಗಿಸ್ಬಹುದು, ಟ್ಯಾಂಕನ್ನೇ ಬೆಚ್ಚಗಿಡ್ಬಹುದು, ಸುಮ್ನೆ ಗಾಳಿಗೆ ಬಿಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಹುಲ್ಲು ಕೇಳ್ಕೊಂಡು ಬರೋರ ಹತ್ರ ರೇಟ್ ಮಾತಾಡೋಕೆ ಮುಂಚೆ ಇದನ್ನ ಕೇಳಿ: ಹೊಲದಲ್ಲಿ ಎಷ್ಟು ಬಿಟ್ಟು ಹೋಗ್ತೀರಾ, ಬೂದಿ ಇಲ್ಲಾ ಸ್ಲರಿ ಎಷ್ಟು ವಾಪಸ್ ಕೊಡ್ತೀರಾ, ಸಾಗಾಟದ ಖರ್ಚು ಯಾರ್ದು? ಸ್ಲರೀಲಿ ಬಹುಪಾಲು ನೀರೇ, ದೂರ ಹೊತ್ತು ತರೋಕೆ ಯಾರೂ ಮುಂದೆ ಬರಲ್ಲ, ಅದಕ್ಕೇ ಇದೆಲ್ಲಾ ಕಾಗದದ ಮೇಲೆ ಬರೆಸ್ಕೊಳ್ಳಿ.