ಪರ-ವಿರೋಧ: ಶಾಂಗ್ ಯಾಂಗನ ಕಟ್ಟುನಿಟ್ಟಿನ ಕಾನೂನಿಂದ ಜನಕ್ಕೆ ಒಳ್ಳೇದಾಯ್ತಾ?

ಪರ: ಕೊಡೋಕೂ ತಗೊಳ್ಳೋಕೂ ಒಂದೇ ಸೇರು

ಶಾಂಘೈ ಮ್ಯೂಸಿಯಂನಲ್ಲಿ ಹಿಡಿ ಇರೋ ಒಂದು ಚಿಕ್ಕ ಕಂಚಿನ ಅಳತೆ ಪಾತ್ರೆ ಇದೆ. ಸುಮಾರು 200 ಮಿಲಿಲೀಟರ್ ಹಿಡಿಯುತ್ತೆ, ಅಷ್ಟೇ. ಕ್ರಿ.ಪೂ. 344ರಲ್ಲಿ ಚಿನ್ ರಾಜ್ಯದ ಮಂತ್ರಿ ಶಾಂಗ್ ಯಾಂಗ್ ಮಾಡಿಸಿದ್ದು, ಹಂಗಂತ ಪಾತ್ರೆ ಮೇಲೇ ಕೆತ್ತಿದೆ. 123 ವರ್ಷ ಆದ್ಮೇಲೆ, ಕ್ರಿ.ಪೂ. 221ರಲ್ಲಿ, ಚಿನ್ ಶಿ ಹುವಾಂಗ್ ಉಳಿದ ರಾಜ್ಯಗಳನ್ನೆಲ್ಲ ಗೆದ್ದು ಚಕ್ರವರ್ತಿ ಆದಾಗ ಅದೇ ಪಾತ್ರೆ ಮೇಲೆ ಅವನ ಆಜ್ಞೇನೂ ಕೆತ್ತಿದ್ರು, ಇಡೀ ಚೀನಾಕ್ಕೆ ಒಂದೇ ಅಳತೆ ಅಂತ. ಫಾಜಿಯಾದವರು, ಅಂದ್ರೆ ಕಟ್ಟುನಿಟ್ಟಿನ ಕಾನೂನಿಂದಲೇ ರಾಜ್ಯ ನಡೀಬೇಕು ಅನ್ನೋ ಶಾಂಗ್ ಯಾಂಗನಂಥ ಕಾನೂನುವಾದಿಗಳು, ಬರೀ ಕ್ರೂರಿಗಳು ಅಂತ ಯಾರಾದ್ರೂ ಅಂದಾಗೆಲ್ಲ ನಂಗೆ ಮೊದ್ಲು ನೆನಪಾಗೋದು ಈ ಪಾತ್ರೆ.

ಯಾಕಂದ್ರೆ ನಮ್ಮಜ್ಜಿ ಸೇರಿನಲ್ಲಿ ಮೋಸ ಹೋದವಳು. ಮಳೆ ಕೈಕೊಟ್ಟ ವರ್ಷ ಊರಿನ ಸಾಹುಕಾರರ ಮನೆಯಿಂದ ರಾಗಿ ಸಾಲ ತರೋರು, ಸುಗ್ಗೀಲಿ ಬಡ್ಡಿ ಸೇರಿಸಿ ಅಳೆದು ಕೊಡೋರು, ಆ ಮನೇಲಿ ಕೊಡೋ ಸೇರು ಬೇರೆ ತಗೊಳ್ಳೋ ಸೇರು ಬೇರೆ ಅಂತ ಊರಿಗೆಲ್ಲ ಗೊತ್ತಿತ್ತು, ಆದ್ರೆ ಕೇಳೋರ್ಯಾರು. ಒಂದ್ಸಲ ಅಜ್ಜಿ ತಡೀಲಾರದೆ "ಧಣಿ, ಆ ಸೇರು ಸ್ವಲ್ಪ ದೊಡ್ಡದಾಗಿ ಕಾಣ್ತದೆ" ಅಂದಳಂತೆ. ಮುಂದಿನ ವರ್ಷ ಅವರ ಮನೇಲಿ ಸಾಲ ಹುಟ್ಟಲಿಲ್ಲ. ಸರ್ಕಾರದ ಮುದ್ರೆ ಒತ್ತಿದ ಅಳತೆ ನಮ್ಮೂರಿಗೆ ಬಂದಾಗ ಅಜ್ಜಿ ಅದನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ್ದನ್ನ ನಮ್ಮಪ್ಪ ಎಷ್ಟೋ ಸಲ ಹೇಳಿದ್ದಾರೆ. ಸಾಹುಕಾರರಿಗೆ ಒಳ್ಳೆ ಬುದ್ಧಿ ಬರ್ಲಿ ಅಂತ ಕಾಯ್ತಾ ಕೂತಿದ್ರೆ ಆ ಅಳತೆ ಬರ್ತಿತ್ತಾ? ಕನ್ಫ್ಯೂಷಿಯಸ್ ಕಡೆಯವರು ಹೇಳ್ತಿದ್ದದ್ದು ಅದನ್ನೇ, ಮೇಲಿರೋರು ಸದ್ಗುಣಿಗಳಾದ್ರೆ ಕೆಳಗಿನೋರು ತಾನಾಗೇ ಸರಿಹೋಗ್ತಾರೆ ಅಂತ. ಮೇಲಿರೋರು ಸದ್ಗುಣಿಗಳು ಆಗದೇ ಹೋದ್ರೆ ಏನು ಮಾಡೋದು ಅಂತ ಯೋಚನೆ ಮಾಡಿದ್ದು ಶಾಂಗ್ ಯಾಂಗ್, ಅವನಾದ್ಮೇಲೆ ಇನ್ನೊಬ್ಬ ಕಾನೂನುವಾದಿ ಹಾನ್ ಫೇ.

ಕ್ರಿ.ಪೂ. 356ರ ಸುಮಾರಿಗೆ ಸುಧಾರಣೆ ಶುರು ಮಾಡೋಕೆ ಮುಂಚೆ ಶಾಂಗ್ ಯಾಂಗ್ ಏನು ಮಾಡಿದ ಅನ್ನೋದನ್ನ ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದಾನೆ. ಪೇಟೆಯ ದಕ್ಷಿಣ ಬಾಗಿಲಲ್ಲಿ ಒಂದು ಮರದ ದಿಮ್ಮಿ ನಿಲ್ಲಿಸಿ, ಇದನ್ನ ಉತ್ತರದ ಬಾಗಿಲಿಗೆ ಸಾಗಿಸಿದವನಿಗೆ 10 ಚಿನ್ನ ಅಂತ ಸಾರಿಸಿದ. ಯಾರೂ ನಂಬಲಿಲ್ಲ. 50 ಅಂದ. ಒಬ್ಬ ಹೊತ್ಕೊಂಡು ಹೋಗಿ ಇಟ್ಟ, ಅಲ್ಲೇ 50 ಕೊಟ್ಟ. ಸರ್ಕಾರ ಹೇಳಿದ್ದನ್ನ ಮಾಡುತ್ತೆ ಅನ್ನೋದನ್ನ ಮೊದ್ಲು ತೋರಿಸಿ, ಆಮೇಲೆ ಕಾನೂನು ಹೊರಡಿಸಿದ. ಯುದ್ಧದಲ್ಲಿ ಸಾಧನೆ ಇಲ್ಲದ ರಾಜಬಂಧುಗಳ ಹೆಸರನ್ನ ರಾಜವಂಶದ ಪಟ್ಟಿಯಿಂದಲೇ ತೆಗೀಬೇಕು ಅಂದ, ಹೊಲ ಉಳೋನು ಸೈನ್ಯಕ್ಕೆ ಸೇರಿ ಪದವಿ ಗಳಿಸಬಹುದು ಅಂದ. ಯುವರಾಜನೇ ಕಾನೂನು ಮುರಿದಾಗ ಅವನ ಗುರುಗಳಿಗೆ ಶಿಕ್ಷೆ ಕೊಡಿಸಿದ, ಮರುದಿನದಿಂದ ರಾಜ್ಯ ಪೂರ್ತಿ ಕಾನೂನು ಪಾಲಿಸ್ತು. ಹತ್ತು ವರ್ಷ ಆಗೋಷ್ಟರಲ್ಲಿ ದಾರೀಲಿ ಬಿದ್ದಿರೋದನ್ನೂ ಯಾರೂ ಎತ್ಕೊಳ್ತಿರಲಿಲ್ಲ ಅಂತಾನೆ ಸಿಮಾ ಚಿಯಾನ್, ಅವನಿಗೆ ಶಾಂಗ್ ಯಾಂಗ್ ಕಂಡ್ರೆ ಏನೂ ಪ್ರೀತಿ ಇರಲಿಲ್ಲ ಅನ್ನೋದು ನೆನಪಿಟ್ಕೊಳ್ಳಿ.

ಇನ್ನು ಎಲ್ಲರೂ ಹೇಳೋ ಕಥೆ, ಚಿನ್ ಕಾಲದಲ್ಲಿ ಸರ್ಕಾರಿ ಕೆಲಸಕ್ಕೆ ಲೇಟಾಗಿ ಬಂದ್ರೆ ತಲೆ ತೆಗೀತಿದ್ರು ಅಂತ. 1975ರಲ್ಲಿ ಹೂಬೇ ಪ್ರಾಂತ್ಯದ ಶುಯಿಹುದಿಯಲ್ಲಿ ಒಬ್ಬ ಸಣ್ಣ ಅಧಿಕಾರಿಯ ಸಮಾಧಿ ಸಿಕ್ತು, ಒಳಗೆ 1,100ಕ್ಕೂ ಹೆಚ್ಚು ಬಿದಿರು ಪಟ್ಟಿಗಳು, ಅದರಲ್ಲಿ ಬಹಳಷ್ಟು ಚಿನ್ ಕಾನೂನು. ಬಿಟ್ಟಿ ಕೆಲಸಕ್ಕೆ 3ರಿಂದ 5 ದಿನ ತಡ ಆದ್ರೆ ಬೈಗುಳ, 6ರಿಂದ 10 ದಿನ ಆದ್ರೆ ಒಂದು ಗುರಾಣಿಯ ದಂಡ, ಅದಕ್ಕೂ ಮೀರಿದ್ರೆ ಒಂದು ಕವಚ. ಮಳೆ ಬಂದು ಕೆಲಸ ಆಗದಿದ್ರೆ ಮನ್ನಾ! ಎತ್ತು ಚೆನ್ನಾಗಿ ಸಾಕಿದವನಿಗೆ ಹೆಂಡ, ಒಣಮಾಂಸ ಬಹುಮಾನ ಕೊಡಬೇಕು ಅಂತ ಕೂಡ ಅದರಲ್ಲಿದೆ. ಎತ್ತಿನ ಬಗ್ಗೆ ಇಷ್ಟು ಯೋಚನೆ ಮಾಡಿದ ಸರ್ಕಾರವನ್ನ ರಾಕ್ಷಸ ಸರ್ಕಾರ ಅನ್ನೋದು ಅನ್ಯಾಯ. ಚಿನ್ ಶಿ ಹುವಾಂಗ್ ಪುಸ್ತಕ ಸುಡಿಸಿದ್ದು ಕೇಳ್ತೀರಾ, ಅದು ಕ್ರಿ.ಪೂ. 213ರಲ್ಲಿ, ಶಾಂಗ್ ಯಾಂಗ್ ಸತ್ತು 125 ವರ್ಷ ಆದ್ಮೇಲೆ, ಅದನ್ನ ಅವನ ತಲೆಗೆ ಕಟ್ಟೋದು ಬೇಡ.

ವಿರೋಧ: ಪಕ್ಕದ ಮನೆಯವನ ತಪ್ಪಿಗೆ ನಾನ್ಯಾಕೆ?

ನನಗೆ ವಿರೋಧ ಬರೀರಿ ಅಂದ್ರು, ಬರೀತಿದ್ದೀನಿ. ಕಾನೂನು ಎಲ್ಲರಿಗೂ ಒಂದೇ ಇರಬೇಕು ಅನ್ನೋದನ್ನ ನಾನೂ ಒಪ್ತೀನಿ, ಅಜ್ಜಿಯ ಸೇರಿನ ಕಥೆ ಓದಿ ಬೇಜಾರೂ ಆಯ್ತು. ಆದ್ರೆ ಒಂದು ಸೇರು ಸರಿ ಮಾಡೋಕೆ ಜನರ ಮೂಗು ಕುಯ್ಯಬೇಕಾ? ಯುವರಾಜನ ಗುರುವಿನ ಮೂಗು ಕುಯ್ಸಿದ್ದು ಇದೇ ಶಾಂಗ್ ಯಾಂಗ್. ತಪ್ಪು ಮಾಡಿದ ಯುವರಾಜನಿಗೆ ಏನೂ ಆಗಲಿಲ್ಲ. ಎಲ್ಲರಿಗೂ ಒಂದೇ ಕಾನೂನು ಅಂದ್ರೆ ಇದಾ?

ನನಗೆ ನಿಜವಾಗ್ಲೂ ಒಪ್ಪೋಕಾಗದೇ ಇರೋದು ಐದೈದು, ಹತ್ತತ್ತು ಮನೆ ಸೇರಿಸಿ ಗುಂಪು ಮಾಡಿದ್ದು. ಗುಂಪಲ್ಲಿ ಒಬ್ಬ ತಪ್ಪು ಮಾಡಿ ಉಳಿದವರು ದೂರು ಕೊಡದಿದ್ರೆ ಅವರಿಗೂ ಶಿಕ್ಷೆ. ಇದರ ಬಗ್ಗೆ ಪರ ಬರೆದವರು ಒಂದಕ್ಷರ ಬರೆದಿಲ್ಲ.

ನಾನು ಪಿಯುಸಿ ಓದಿದ ಹಾಸ್ಟೆಲ್‌ನಲ್ಲಿ ಇದೇ ರೂಲ್ ಇತ್ತು, ರೂಮಿನ ಎಂಟು ಜನರಲ್ಲಿ ಒಬ್ಬ ರಾತ್ರಿ ಕಾಂಪೌಂಡ್ ಹಾರಿದ್ರೂ ಎಂಟು ಜನಕ್ಕೂ ಭಾನುವಾರ ಹೊರಗೆ ಹೋಗೋ ಹಂಗಿಲ್ಲ. ಒಂದ್ಸಲ ನಮ್ಮ ರೂಮಿನ ಒಬ್ಬ ಅವರಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಮಾಡೋಕೆ ಹಾರಿ ಹೋಗಿದ್ದ. ಆ ಭಾನುವಾರ ನಮ್ಮಪ್ಪ ಊರಿಂದ ಬರೋರಿದ್ರು, ನೋಡೋಕಾಗಲ್ವಲ್ಲ ಅಂತ ಭಯ ಆಗಿ ನಾನೇ ಹೋಗಿ ವಾರ್ಡನ್‌ಗೆ ಹೇಳಿಬಿಟ್ಟೆ. ಅವನನ್ನ ಹದಿನೈದು ದಿನ ಮನೆಗೆ ಕಳಿಸಿದ್ರು. ವಾಪಸ್ ಬಂದ್ಮೇಲೂ ಅವನು ನನ್ನ ಹತ್ರ ಮಾತಾಡಲಿಲ್ಲ, ಉಳಿದ ಆರು ಜನ ನನ್ನ ಮುಂದೆ ಯಾವ ವಿಷಯಾನೂ ಮಾತಾಡ್ತಿರಲಿಲ್ಲ. ಆ ವರ್ಷ ನಮ್ಮ ರೂಮಿಂದ ಯಾರೂ ಕಾಂಪೌಂಡ್ ಹಾರಲಿಲ್ಲ, ಅದನ್ನ ಶಿಸ್ತು ಅಂತ ಆನ್ಯುಯಲ್ ಡೇಲಿ ಹೊಗಳಿದ್ರು ಕೂಡ. ದಾರೀಲಿ ಬಿದ್ದ ವಸ್ತು ಯಾರೂ ಮುಟ್ತಿರಲಿಲ್ಲ ಅನ್ನೋದನ್ನ ಓದಿದಾಗ ನಂಗೆ ಆ ರೂಮು ನೆನಪಾಗುತ್ತೆ.

ಹಾನ್ ಫೇ ತಾನೇ ಮೆಚ್ಚಿ ಬರೆದಿರೋ ಕಥೆ ನೋಡಿ. ದೊರೆ ಕುಡಿದು ಮಲಗಿದ್ದಾನೆ, ಚಳಿ ಆಗ್ತಿದೆ ಅಂತ ಟೋಪಿ ನೋಡ್ಕೊಳ್ಳೋನು ಅವನಿಗೆ ಬಟ್ಟೆ ಹೊದಿಸ್ತಾನೆ. ಎದ್ದ ದೊರೆ ಬಟ್ಟೆ ನೋಡ್ಕೊಳ್ಳೋನಿಗೆ ಕೆಲಸ ಮಾಡ್ಲಿಲ್ಲ ಅಂತ, ಟೋಪಿಯವನಿಗೆ ತನ್ನದಲ್ಲದ ಕೆಲಸ ಮಾಡ್ದ ಅಂತ, ಇಬ್ಬರಿಗೂ ಶಿಕ್ಷೆ ಕೊಡ್ತಾನೆ. ನಮ್ಮ ಕೌಟಿಲ್ಯ ಏನೂ ಮೆದು ಮನುಷ್ಯ ಅಲ್ಲ, ಆದ್ರೂ ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ ಸ್ಪಷ್ಟವಾಗಿದೆ, ದಂಡ ಅತಿಯಾದ್ರೆ ಜನ ಬೆದರ್ತಾರೆ, ಮೆತ್ತಗಾದ್ರೆ ಲೆಕ್ಕಕ್ಕಿಡಲ್ಲ, ತಕ್ಕಷ್ಟಿದ್ರೆ ಗೌರವಿಸ್ತಾರೆ.

ಬಿದಿರು ಪಟ್ಟೀಲಿ ಏನಿತ್ತೋ ಇರ್ಲಿ. ಕ್ರಿ.ಪೂ. 209ರಲ್ಲಿ ಗಡಿ ಕಾಯೋಕೆ ಹೊರಟ 900 ಜನ ಮಳೆಗೆ ಸಿಕ್ಕಿ ತಡ ಆದಾಗ, ಆ ಪಟ್ಟೀಲಿ ಬರೆದ ಗುರಾಣಿ ದಂಡ ಅವರ ತಲೆಗೇ ಬರಲಿಲ್ಲ. ಓಡಿಹೋದ್ರೂ ಸಾವು, ದಂಗೆ ಎದ್ರೂ ಸಾವು ಅಂತ ಅವರಲ್ಲೇ ಇದ್ದ ಚೆನ್ ಶೆಂಗ್, ವೂ ಗ್ವಾಂಗ್ ದಂಗೆ ಎದ್ರು. ಚೀನಾ ಪೂರ್ತಿ ಗೆದ್ದ 15 ವರ್ಷಕ್ಕೆ, ಕ್ರಿ.ಪೂ. 206ರಲ್ಲಿ, ಚಿನ್ ವಂಶ ಮುಗೀತು.